ನೆಲದ ಕೆಳಗೊಂದು ಕೋಟೆ

ಟರ್ಕಿಯ ನಡುಭಾಗದಲ್ಲಿರುವ ದೆರಿನ್‌ಕುಯು ಊರಿನಲ್ಲಿ ಬಸ್ಸಿಳಿದರೆ ಕಣ್ಣಿಗೆ ವಿಶೇಷವೇನೂ ಬೀಳುವುದಿಲ್ಲ. ಒಂದು ದೊಡ್ಡ ರಸ್ತೆ, ಎರಡು ಮೂರು ಅಂತಸ್ತಿನ ಮನೆಗಳು, ಮಸೀದಿಯ ಮಿನಾರು, ಟ್ರ್ಯಾಕ್ಟರ್ ರಿಪೇರಿ ಅಂಗಡಿ, ಊರಾಚೆ ಆಲೂಗಡ್ಡೆ ಹೊಲಗಳು. ಕಪಡೋಕಿಯ ಎಂದರೆ ಬಿಸಿಗಾಳಿ ಬಲೂನುಗಳು ಎಂದು ಕ್ಯಾಲೆಂಡರ್ ನೋಡಿ ಬಂದವರಿಗೆ ‘ಇಷ್ಟೇನಾ?’ ಅನ್ನಿಸುತ್ತದೆ. ಬಲೂನು ಹಾರುವ ಗೋರೆಮೆ ಇಲ್ಲಿಂದ ಸಾಕಷ್ಟು ಉತ್ತರಕ್ಕಿದೆ. ನೆವ್‌ಶೆಹಿರ್ ಪಟ್ಟಣದಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರ್ ದೂರದ ಈ ಬಯಲುಸೀಮೆಗೆ ಜನ ಬರುವುದು ನೆಲದ ಮೇಲಿನದನ್ನು ನೋಡಲಿಕ್ಕಲ್ಲ. ಟರ್ಕಿ ಭಾಷೆಯಲ್ಲಿ ‘ದೆರಿನ್’ ಎಂದರೆ ಆಳ, ‘ಕುಯು’ ಎಂದರೆ ಬಾವಿ. ಊರಿನ ಹೆಸರೇ ‘ಆಳಬಾವಿ’. ಆ ಬಾವಿಯ ಸುತ್ತ ಅಂತಸ್ತಿನ ಕೆಳಗೆ ಅಂತಸ್ತಾಗಿ ಇನ್ನೊಂದು ಊರೇ ಇದೆ.

ನನ್ನ ಜೊತೆ ಬಂದಿದ್ದವನು ಅಕ್ಕನ ಮಗ. ಮೊದಲ ಪಿಯುಸಿ ಮುಗಿಸಿದ ಹುಡುಗ. ಇಸ್ತಾಂಬುಲ್ಲಿನ ದೊಡ್ಡ ದೊಡ್ಡ ಮಸೀದಿಗಳನ್ನು ನೋಡುವಾಗ ಫೋನಿನಿಂದ ತಲೆ ಎತ್ತದವನು ಇಲ್ಲಿಗೆ ಬರಲು ಮಾತ್ರ ನನಗಿಂತ ಮೊದಲೇ ಸಿದ್ಧನಾಗಿ ಕೂತಿದ್ದ. ಕಾರಣ ಒಂದು ಕಂಪ್ಯೂಟರ್ ಆಟ. ಹೆಸರು ‘ರಿಮ್‌ವರ್ಲ್ಡ್’. ಟೈನನ್ ಸಿಲ್ವೆಸ್ಟರ್ ಎಂಬುವರ ಲೂಡಿಯನ್ ಸ್ಟುಡಿಯೋಸ್ ತಯಾರಿಸಿದ ಈ ಆಟ ಪೂರ್ಣರೂಪದಲ್ಲಿ ಹೊರಬಂದದ್ದು 2018ರಲ್ಲಿ. ಗೊತ್ತಿಲ್ಲದ ಗ್ರಹವೊಂದರ ಮೇಲೆ ಮೂರು ಜನ ಬಂದು ಬೀಳುತ್ತಾರೆ. ಅವರಿಗೆ ಮನೆ ಕಟ್ಟಿ, ಬೆಳೆ ಬೆಳೆಸಿ, ಅಡುಗೆ ಮಾಡಿಸಿ, ಜ್ವರ ಬಂದರೆ ಮದ್ದು ಹಾಕಿಸಿ ಬದುಕಿಸುವುದು ಆಡುವವರ ಕೆಲಸ. ನಡುನಡುವೆ ಕೊಳ್ಳೆ ಹೊಡೆಯುವವರ ಗುಂಪು ಬರುತ್ತದೆ. ನಮ್ಮ ಕಾಲೊನಿಯ ಸಂಪತ್ತು ಬೆಳೆದಂತೆ ಬರುವ ಗುಂಪೂ ದೊಡ್ಡದಾಗುತ್ತದೆ. (ಒಂದು ಮಾತು ಅಪ್ಪ ಅಮ್ಮಂದಿರಿಗೆ: ಆಟದಲ್ಲಿ ಕ್ರೌರ್ಯವೂ ಉಂಟು, ಚಿಕ್ಕ ಮಕ್ಕಳಿಗಲ್ಲ. ನಮ್ಮ ಹುಡುಗನಿಗೂ ಅಕ್ಕ ಒಪ್ಪಿಗೆ ಕೊಟ್ಟದ್ದು ಹತ್ತನೇ ತರಗತಿ ಮುಗಿದ ಮೇಲೆ.)

ಈ ಆಟ ಆಡುವವರಲ್ಲಿ ಎರಡು ಪಂಗಡ. ಬಯಲಲ್ಲಿ ಮನೆ ಕಟ್ಟಿ ಸುತ್ತ ಗೋಡೆ ಎಬ್ಬಿಸುವವರು ಒಂದು ಕಡೆ, ಬೆಟ್ಟದ ಹೊಟ್ಟೆ ಕೊರೆದು ಒಳಗೆ ಸೇರಿಕೊಳ್ಳುವವರು ಇನ್ನೊಂದು ಕಡೆ. ನಮ್ಮವನು ಎರಡನೆಯ ಪಂಗಡದವನು. ತಲೆಯ ಮೇಲೆ ಇಡೀ ಬೆಟ್ಟವಿದ್ದರೆ ಶತ್ರುಗಳ ಮದ್ದುಗುಂಡು ತೂರಿ ಬರುವುದಿಲ್ಲ, ಆಕಾಶದಿಂದ ಚಾವಣಿ ಒಡೆದು ಇಳಿಯುವವರೂ ಒಳಗೆ ಬರಲಾಗದು. ದೆರಿನ್‌ಕುಯುವಿಗೆ ಹೊರಟಾಗ ಅವನು ಹೇಳಿದ್ದು ಒಂದೇ ಮಾತು: “ಮಾವ, ಇವರು ಸೇವ್ ಮಾಡಿಕೊಳ್ಳದೆ ಆಡಿದ್ದಾರೆ. ನೋಡಬೇಕು.”

ಟಿಕೆಟ್ ತೆಗೆದುಕೊಂಡು ಒಳಗೆ ಕಾಲಿಟ್ಟ ಕೂಡಲೇ ಮೈಗೆ ತಂಪು ತಾಗಿತು. ಹೊರಗೆ ಬೇಸಿಗೆಯ ಬಿಸಿಲಿರಲಿ, ಚಳಿಗಾಲದ ಹಿಮವಿರಲಿ, ಒಳಗೆ ವರ್ಷವಿಡೀ 13 ಡಿಗ್ರಿಯ ಆಸುಪಾಸು. ಗೋಡೆಯ ಮೇಲೆ ಬಾಣದ ಗುರುತುಗಳಿವೆ. ಕೆಂಪು ಬಾಣ ಹಿಡಿದರೆ ಕೆಳಕ್ಕೆ, ನೀಲಿ ಹಿಡಿದರೆ ಮೇಲಕ್ಕೆ. ಆ ಬಾಣಗಳಿಲ್ಲದಿದ್ದರೆ ನಾನು ಈ ಲೇಖನ ಬರೆಯುವುದು ಕಷ್ಟವಿತ್ತು. ಎರಡು ತಿರುವು ದಾಟುವಷ್ಟರಲ್ಲಿ ಬಂದ ದಾರಿ ಯಾವುದು, ಎಡ ಯಾವುದು, ಬಲ ಯಾವುದು ಒಂದೂ ಉಳಿಯುವುದಿಲ್ಲ.

ಈ ನೆಲವನ್ನು ಕೊರೆಯಲು ಸಾಧ್ಯವಾದದ್ದು ಜ್ವಾಲಾಮುಖಿಗಳ ದೆಸೆಯಿಂದ. ಎರ್ಜಿಯೆಸ್, ಹಸನ್ ಮುಂತಾದ ಬೆಟ್ಟಗಳು ಲಕ್ಷಾಂತರ ವರ್ಷಗಳ ಹಿಂದೆ ಉಗುಳಿದ ಬೂದಿ ಪದರ ಪದರವಾಗಿ ಕೂತು ಮೆತ್ತನೆಯ ಕಲ್ಲಾಯಿತು. ಟಫ್ ಎನ್ನುತ್ತಾರೆ. ಹೊಸದಾಗಿ ಕೊರೆಯುವಾಗ ಕಬ್ಬಿಣದ ಗುದ್ದಲಿಗೆ ಸುಲಭವಾಗಿ ಬಗ್ಗುತ್ತದೆ, ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. ಮೊದಲ ಕೋಣೆಗಳನ್ನು ಕೊರೆದವರು ಕ್ರಿಸ್ತಪೂರ್ವ 8-7ನೇ ಶತಮಾನದ ಫ್ರಿಜಿಯನ್ ಜನ ಇರಬೇಕು ಎಂಬುದು ಟರ್ಕಿಯ ಸಂಸ್ಕೃತಿ ಇಲಾಖೆಯ ಲೆಕ್ಕ. ಆಮೇಲೆ ಬಂದ ಗ್ರೀಕ್ ಮಾತಿನ ಕ್ರೈಸ್ತರು ಬೈಜಾಂಟಿಯಂ ಸಾಮ್ರಾಜ್ಯದ ಕಾಲದಲ್ಲಿ ಅದನ್ನು ಅಗಲಿಸಿ, ಆಳಗೊಳಿಸಿ ಊರು ಮಾಡಿದರು. ಒಟ್ಟು ಆಳ ಸುಮಾರು 85 ಮೀಟರ್ ಎನ್ನುತ್ತಾರೆ. ನಮ್ಮಂಥವರಿಗೆ ಬಿಡುವುದು ಅದರಲ್ಲಿ ಒಂದು ಭಾಗವನ್ನು ಮಾತ್ರ, ಎಂಟು ಅಂತಸ್ತು.

ಮೊದಲ ಅಂತಸ್ತಿನಲ್ಲಿ ಕೊಟ್ಟಿಗೆ. ಗೋಡೆಯಲ್ಲೇ ಕೆತ್ತಿದ ಗೋದಲಿ, ದನ ಕಟ್ಟಲು ಕಲ್ಲಿನಲ್ಲೇ ಕೊರೆದ ಕಿವಿ. ದನಕರುಗಳನ್ನು ಇದಕ್ಕಿಂತ ಕೆಳಗೆ ಇಳಿಸುವುದು ಸಾಧ್ಯವಿಲ್ಲ, ದಾರಿ ಅಷ್ಟು ಇಕ್ಕಟ್ಟು. ಅಲ್ಲಿಂದ ಮುಂದೆ ಮನುಷ್ಯರೇ ನಡು ಬಗ್ಗಿಸಬೇಕು. ಕೆಲವು ಕಡೆ ಬೆನ್ನು ಪೂರ್ತಿ ಬಾಗಿಸಿ, ಮೊಣಕಾಲು ಮಡಿಸಿ, ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಎದುರಿನಿಂದ ಇನ್ನೊಂದು ಗುಂಪು ಬಂದರೆ ಯಾರಾದರೂ ಹಿಂದಕ್ಕೆ ಸರಿಯಲೇಬೇಕು. ನಮಗೆ ಎದುರಾದ ದಪ್ಪ ಮೀಸೆಯ ಯಜಮಾನರೊಬ್ಬರು ನಗುತ್ತಲೇ ಇಡೀ ಕುಟುಂಬವನ್ನು ಹಿಂದಕ್ಕೆ ನಡೆಸಿಕೊಂಡು ಹೋದರು.

“ಇಷ್ಟು ಜಾಗ ಇದ್ದೂ ದಾರಿ ಮಾತ್ರ ಯಾಕೆ ಇಷ್ಟು ಚಿಕ್ಕದು ಮಾಡಿದರು ಅಂತ ಕೇಳಿ ಮಾವ,” ಅಂದ ಹುಡುಗ.

“ಯಾಕಪ್ಪ?”

“ಬಗ್ಗಿಕೊಂಡು ಬರುವವನಿಗೆ ಕತ್ತಿ ಎತ್ತೋಕಾಗಲ್ಲ. ಗುರಾಣಿ ಹಿಡಿಯೋಕಾಗಲ್ಲ. ನೂರು ಜನ ಬಂದರೂ ಮುಂದೆ ಒಬ್ಬನೇ.”

ಇದು ನಮ್ಮ ಚಿತ್ರದುರ್ಗದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾದ ಪಾಠವಲ್ಲ. ಓಬವ್ವನ ಕಿಂಡಿಯ ಮುಂದೆ ನಿಂತವರಿಗೆ ಗೊತ್ತು, ಒಬ್ಬೊಬ್ಬರಾಗಿಯೇ ನುಸುಳಬೇಕಾದ ಕಡೆ ದೊಡ್ಡ ಸೈನ್ಯವೂ ಒಂದು ಒನಕೆಗೆ ಸಮ. ರಿಮ್‌ವರ್ಲ್ಡ್ ಆಡುವವರೂ ಇದನ್ನೇ ಮಾಡುತ್ತಾರೆ. ಒಂದೇ ಒಂದು ಕಿರಿದಾದ ದಾರಿ ಬಿಟ್ಟು, ಅದರ ಕೊನೆಯಲ್ಲಿ ತಮ್ಮವರನ್ನು ಮರಳಿನ ಚೀಲಗಳ ಹಿಂದೆ ನಿಲ್ಲಿಸುತ್ತಾರೆ. ‘ಕಿಲ್‌ಬಾಕ್ಸ್’ ಎಂದು ಅದರ ಹೆಸರು.

ದೆರಿನ್‌ಕುಯುವಿನ ನಿಜವಾದ ಸೋಜಿಗ ಅದರ ಬಾಗಿಲುಗಳು. ನಮ್ಮ ಅಜ್ಜಿಯರ ಬೀಸುಕಲ್ಲನ್ನು ನೆನಪಿಸಿಕೊಳ್ಳಿ. ಅದನ್ನು ಮನುಷ್ಯನ ಎದೆಮಟ್ಟಕ್ಕೆ ದೊಡ್ಡದು ಮಾಡಿ, ಚಕ್ರದ ಹಾಗೆ ಅಂಚಿನ ಮೇಲೆ ನಿಲ್ಲಿಸಿ. ಒಂದರಿಂದ ಒಂದೂವರೆ ಮೀಟರ್ ವ್ಯಾಸ, 200ರಿಂದ 500 ಕಿಲೋ ತೂಕ. ದಾರಿಯ ಪಕ್ಕದಲ್ಲೇ ಗೋಡೆಯೊಳಗೆ ಅದಕ್ಕೊಂದು ಗೂಡು. ಶಾಂತಿಯ ದಿನಗಳಲ್ಲಿ ಚಕ್ರ ಗೂಡಿನೊಳಗೆ ಸುಮ್ಮನೆ ನಿಂತಿರುತ್ತದೆ. ಗಂಡಾಂತರ ಬಂದಾಗ ಒಳಗಿನವರು ಉರುಳಿಸಿ ದಾರಿಗೆ ಅಡ್ಡ ತಂದು ನಿಲ್ಲಿಸುತ್ತಾರೆ. ಎದುರು ಗೋಡೆಯಲ್ಲಿ ಕೊರೆದ ಜಾಡಿಗೆ ಅದು ಕೂತರೆ ಮುಗಿಯಿತು. ಹೊರಗಿನಿಂದ ನೂಕಿದರೆ ಹಿಂದಕ್ಕೆ ಬೀಳದಂತೆ ಕಲ್ಲಿನದೇ ಆಸರೆ, ಪಕ್ಕಕ್ಕೆ ಉರುಳಿಸೋಣವೆಂದರೆ ಹಿಡಿಯಲು ಏನೂ ಸಿಗದು. ತೆಗೆಯುವುದು ಒಳಗಿನಿಂದ ಮಾತ್ರ. ಚಕ್ರದ ನಟ್ಟನಡುವೆ ಒಂದು ತೂತು. ಆಚೆ ಯಾರಿದ್ದಾರೆಂದು ನೋಡಬಹುದು, ಬೇಕಾದರೆ ಈಟಿ ತೂರಿಸಬಹುದು.

ಹುಡುಗ ಆ ತೂತಿನಲ್ಲಿ ಕಣ್ಣಿಟ್ಟು ತುಂಬ ಹೊತ್ತು ನೋಡಿದ. ಅವನು ಆಡುವ ಇನ್ನೊಂದು ಆಟ ‘ಡ್ವಾರ್ಫ್ ಫೋರ್ಟ್ರೆಸ್’. ಟಾರ್ನ್ ಮತ್ತು ಜ್ಯಾಕ್ ಆ್ಯಡಮ್ಸ್ ಎಂಬ ಅಣ್ಣತಮ್ಮಂದಿರು 2006ರಲ್ಲಿ ಹೊರತಂದದ್ದು, 2012ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ತನ್ನ ಸಂಗ್ರಹಕ್ಕೆ ಆರಿಸಿಕೊಂಡ ಮೊದಲ ಕೆಲವು ವಿಡಿಯೊ ಆಟಗಳಲ್ಲಿ ಅದೂ ಒಂದು. ಅಲ್ಲಿ ಕುಳ್ಳರು ನೆಲದ ಕೆಳಗೆ ಕೋಟೆ ಕೊರೆಯುತ್ತಾರೆ, ಗಾಬ್ಲಿನ್‌ಗಳು ಮುತ್ತಿಗೆ ಹಾಕುತ್ತಾರೆ. ಒಳಗಿರುವ ಸನ್ನೆಕೋಲನ್ನು ಎಳೆದರೆ ಸೇತುವೆ ಮೇಲೆದ್ದು ಗೋಡೆಯಾಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಇಲ್ಲಿ ಸನ್ನೆಕೋಲು ಇಲ್ಲ, ಇಬ್ಬರು ಮೂವರು ಗಟ್ಟಿಗರ ಹೆಗಲು ಸಾಕು. ಮುಚ್ಚುವ ಹೊತ್ತಿಗೆ ಎಲ್ಲರೂ ಒಳಗೆ ಬಂದಿದ್ದಾರೆಯೇ ಎಂದು ನೋಡುವವರು ಯಾರು ಎಂಬುದೇ ನನ್ನ ತಲೆಯಲ್ಲಿ ಓಡುತ್ತಿತ್ತು. ಆಟದಲ್ಲಿ ಎಲ್ಲರ ಹೆಸರೂ ಪರದೆಯ ಮೇಲೆ ಸಾಲಾಗಿ ಕಾಣುತ್ತದೆ.

ಅಂತಸ್ತಿಗೊಂದರಂತೆ ಇಂಥ ಬಾಗಿಲುಗಳಿವೆ. ಮೇಲಿನದು ಶತ್ರುವಿನ ಕೈಸೇರಿದರೆ ಕೆಳಗಿಳಿದು ಮುಂದಿನ ಚಕ್ರ ಎಳೆದುಕೊಳ್ಳಬಹುದು. ಇಲ್ಲಿಂದ ಒಂಬತ್ತು ಹತ್ತು ಕಿಲೋಮೀಟರ್ ಉತ್ತರದ ಕಾಯ್ಮಾಕ್ಲಿಯಲ್ಲಿಯೂ ಹೀಗೆಯೇ. ಅವನಾಸ್ ಊರಿನ ಹತ್ತಿರದ ಓಜ್‌ಕೊನಾಕ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಅಲ್ಲಿ ಸುರಂಗದ ಚಾವಣಿಯಲ್ಲಿ, ಬಾಗಿಲ ಬಳಿಯೇ, ಮೇಲಿನಿಂದ ಕಾದ ಎಣ್ಣೆ ಸುರಿಯಲು ರಂಧ್ರಗಳಿವೆ. ಅಂತಸ್ತಿನಿಂದ ಅಂತಸ್ತಿಗೆ ಐದು ಸೆಂಟಿಮೀಟರ್ ಅಗಲದ ಉದ್ದನೆಯ ತೂತುಗಳೂ ಇವೆ. ಬಾಗಿಲೆಲ್ಲ ಮುಚ್ಚಿದ ಮೇಲೂ ಮಾತಾಡಿಕೊಳ್ಳಲು ಅವು ಸಾಕಾಗುತ್ತಿದ್ದವು.

ಇಷ್ಟೆಲ್ಲ ಯಾರ ಭಯಕ್ಕೆ? ಏಳನೇ ಶತಮಾನದಿಂದ ಹತ್ತನೇ ಶತಮಾನದವರೆಗೆ ಕಪಡೋಕಿಯ ಎರಡು ಸಾಮ್ರಾಜ್ಯಗಳ ನಡುವಿನ ಗಡಿನಾಡು. ಪಶ್ಚಿಮಕ್ಕೆ ಕಾನ್‌ಸ್ಟಾಂಟಿನೋಪಲ್ಲಿನ ಬೈಜಾಂಟಿಯಂ, ಆಗ್ನೇಯಕ್ಕೆ ಅರಬ್ ಖಲೀಫರ ರಾಜ್ಯ. ಟಾರಸ್ ಪರ್ವತಗಳ ಕಣಿವೆ ದಾಟಿ ಹೆಚ್ಚುಕಡಿಮೆ ಪ್ರತಿ ಬೇಸಿಗೆಯಲ್ಲೂ ಅರಬ್ ಕುದುರೆ ದಂಡು ಬರುತ್ತಿತ್ತು. ಬೇಸಿಗೆಯ ದಂಡಿಗೆ ‘ಸಾಯಿಫಾ’ ಎಂದೇ ಹೆಸರು. ದನಕುರಿ, ಧಾನ್ಯ, ಸೆರೆ ಸಿಕ್ಕ ಜನ, ಇವು ಅದಕ್ಕೆ ಬೇಕಾದ ಫಲ. ಒಂಬತ್ತನೇ ಶತಮಾನದಲ್ಲಿ ಬೈಜಾಂಟಿಯಂ ಕಡೆಯವರು ಟಾರಸ್ ಬುಡದ ಲೂಲೋನ್ ಕೋಟೆಯಿಂದ ರಾಜಧಾನಿಯವರೆಗೆ ಬೆಟ್ಟದಿಂದ ಬೆಟ್ಟಕ್ಕೆ ಬೆಂಕಿ ಹೊತ್ತಿಸಿ ಸುದ್ದಿ ಮುಟ್ಟಿಸುವ ಏರ್ಪಾಡು ಮಾಡಿಕೊಂಡರು. ರಿಮ್‌ವರ್ಲ್ಡಿನಲ್ಲಿ ದಾಳಿ ಬಂದಾಗ ಪರದೆಯ ಬಲಗಡೆ ಕೆಂಪು ಕಾಗದವೊಂದು ಬೀಳುತ್ತದಲ್ಲ, ಅದೇ ಕೆಲಸ.

806ರಲ್ಲಿ ಬಂದ ದಂಡು ಮಾತ್ರ ವರ್ಷವರ್ಷದ ಕೊಳ್ಳೆಗಾರರದಲ್ಲ. ಖುದ್ದು ಖಲೀಫ ಹರೂನ್ ಅಲ್ ರಶೀದ್ ಹೊರಟಿದ್ದ. ಹೌದು, ಅರೇಬಿಯನ್ ನೈಟ್ಸ್ ಕಥೆಗಳಲ್ಲಿ ವೇಷ ಮರೆಸಿಕೊಂಡು ಬಾಗ್ದಾದಿನ ಬೀದಿಯಲ್ಲಿ ತಿರುಗುತ್ತಾನಲ್ಲ, ಅದೇ ಹರೂನ್. ಆ ವರ್ಷ ಅವನ ಸೇನೆ ವಶಪಡಿಸಿಕೊಂಡ ಕೋಟೆಗಳ ಪಟ್ಟಿಯಲ್ಲಿ ‘ಮಲಕೋಪಿಯಾ’ ಎಂಬ ಹೆಸರಿದೆ. ಮಲಕೋಪಿಯಾ ಎಂದರೆ ಇದೇ ದೆರಿನ್‌ಕುಯುವಿನ ಹಳೆಯ ಹೆಸರು. ನಮ್ಮ ಕಾಲ ಕೆಳಗಿನ ಊರಿಗೆ ಕಥೆಯ ಖಲೀಫನ ದಂಡು ಬಂದಿತ್ತೆಂದು ತಿಳಿದು ಹುಡುಗನ ಕಣ್ಣು ಅಗಲವಾಯಿತು.

ಇಲ್ಲೇ ಆಟಕ್ಕೂ ನಿಜಕ್ಕೂ ಒಂದು ವ್ಯತ್ಯಾಸ ನನಗೆ ಹೊಳೆಯಿತು. ಆಟದಲ್ಲಿ ಬಂದವರನ್ನು ಒಳಗೆ ಸೆಳೆದು ಹೊಡೆಯಬೇಕು. ಪೂರ್ತಿ ಮುಚ್ಚಿಕೊಂಡರೆ ಅವರು ಗೋಡೆ ಒಡೆಯಲು ತೊಡಗುತ್ತಾರೆ, ಅದಕ್ಕೇ ಜಾಣರು ಒಂದು ದಾರಿ ತೆರೆದಿಡುತ್ತಾರೆ. ದೆರಿನ್‌ಕುಯುವಿನ ರೈತರಿಗೆ ಯಾರನ್ನೂ ಹೊಡೆಯಬೇಕಿರಲಿಲ್ಲ. ಕುದುರೆ ಸವಾರ ಬೇಸಿಗೆ ಮುಗಿಯುವ ಮೊದಲು ಪರ್ವತ ದಾಟಿ ಮನೆಗೆ ಹೋಗಬೇಕು. ಅವನ ಕುದುರೆಗೆ ದಿನವೂ ಮೇವು ಬೇಕು. ಒಂದು ಊರಿನ ಮುಂದೆ ಎರಡು ವಾರ ಕೂತರೆ ಅವನಿಗೇ ನಷ್ಟ. ಹಾಗಾಗಿ ಇವರು ಅವನಿಗಿಂತ ಹೆಚ್ಚು ದಿನ ಕಾದರೆ ಸಾಕಿತ್ತು. ಕೆಳಗಿನ ಒಂದೊಂದು ಕೋಣೆಯೂ ಆ ಕಾಯುವಿಕೆಗಾಗಿ ಕೊರೆದದ್ದು ಎಂದು ತಿಳಿದು ನೋಡಿದರೆ ಎಲ್ಲವೂ ಅರ್ಥವಾಗುತ್ತ ಹೋಗುತ್ತದೆ.

ಉಗ್ರಾಣಗಳನ್ನು ನೋಡಿ. ನೆಲದಲ್ಲಿ ಕೊರೆದ ದುಂಡನೆಯ ಗುಂಡಿಗಳು, ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. ಒಣ ಕಲ್ಲು, ಬದಲಾಗದ ತಂಪು. ಧಾನ್ಯಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಈ ಸೀಮೆಯವರು ಇವತ್ತಿಗೂ ಇಂಥ ಗುಹೆಗಳಲ್ಲಿ ಆಲೂಗಡ್ಡೆಯನ್ನೂ ದಕ್ಷಿಣದ ಸಮುದ್ರ ತೀರದಿಂದ ಬರುವ ನಿಂಬೆಹಣ್ಣನ್ನೂ ತಿಂಗಳುಗಟ್ಟಲೆ ಕೂಡಿಡುತ್ತಾರೆ. ದ್ರಾಕ್ಷಿ ತುಳಿಯುವ ತೊಟ್ಟಿಗಳಿವೆ, ರಸ ಹರಿದು ಕೆಳಗಿನ ಗುಂಡಿಗೆ ಬೀಳಲು ಕಾಲುವೆಯಿದೆ. ಕಾಯ್ಮಾಕ್ಲಿಯಲ್ಲಿ 57 ಕುಳಿಗಳಿರುವ ಒಂದು ಗಟ್ಟಿ ಕಲ್ಲುಂಟು. ತಾಮ್ರದ ಅದಿರನ್ನು ಕುಳಿಯಲ್ಲಿಟ್ಟು ಕುಟ್ಟುತ್ತಿದ್ದರಂತೆ. ಮಸಿ ಹಿಡಿದ ಅಡುಗೆಮನೆಗಳು ಮಾತ್ರ ಬೆರಳೆಣಿಕೆಯಷ್ಟು. ಕಾರಣ ಊಹಿಸಬಹುದು. ನೂರು ಒಲೆ ಉರಿದರೆ ನೂರು ಕಡೆ ಹೊಗೆ ಏಳುತ್ತದೆ, ಕೊಳ್ಳೆಗಾರನಿಗೆ ಅದಕ್ಕಿಂತ ಒಳ್ಳೆಯ ದಾರಿತೋರುಕ ಬೇಕೇ?

ಇನ್ನು ಗಾಳಿ. ನೆಲದಡಿಯ ಕೋಟೆಯಲ್ಲಿ ಮೊದಲು ಸಾಯುವುದು ಗಾಳಿ. ಜನ, ದನ, ದೀಪ, ಒಲೆ ಎಲ್ಲವೂ ಅದನ್ನೇ ತಿನ್ನುತ್ತವೆ. ದೆರಿನ್‌ಕುಯುವಿನಲ್ಲಿ ಮೇಲಿನಿಂದ ತಳದವರೆಗೆ ನೆಟ್ಟಗೆ ಇಳಿಯುವ ಗಾಳಿಗಂಡಿಗಳಿವೆ. ಅವುಗಳಲ್ಲಿ ದೊಡ್ಡದು 55 ಮೀಟರ್ ಆಳ, ಅದೇ ಬಾವಿಯೂ ಹೌದು. ನಾಲ್ಕನೆಯ ಅಂತಸ್ತಿನ ಕಿಂಡಿಯೊಂದರಲ್ಲಿ ನಾವು ಕೈ ಚಾಚಿದಾಗ ತಣ್ಣನೆಯ ಗಾಳಿ ಅಂಗೈಗೆ ಸ್ಪಷ್ಟವಾಗಿ ತಾಗಿತು. ಮೇಲೆ ನೋಡಿದರೆ ಒಂದು ರೂಪಾಯಿ ನಾಣ್ಯದಷ್ಟು ಆಕಾಶ. ಕೆಳಗೆ ನೋಡಿದರೆ ಕತ್ತಲೆ.

“ಮಾವ, ವೀಕ್ ಪಾಯಿಂಟ್ ಇಲ್ಲೇ,” ಅಂದ ಹುಡುಗ. “ಮೇಲಿನಿಂದ ಬಾವಿಗೆ ವಿಷ ಹಾಕಿದರೆ?”

ಕೊರೆದವರಿಗೂ ಈ ಯೋಚನೆ ಬಂದಿತ್ತು. ಎಲ್ಲ ಬಾವಿಗಳ ಬಾಯಿಯೂ ನೆಲದ ಮೇಲೆ ತೆರೆದಿರಲಿಲ್ಲ. ಕೆಲವು ಬಾವಿಗಳಲ್ಲಿ ಕೆಳಗಿನ ಅಂತಸ್ತಿನವರು ಮಾತ್ರ ನೀರು ಸೇದಬಹುದು, ಮೇಲಿದ್ದವರಿಗೆ ಅಂಥ ಬಾವಿ ಇದೆಯೆಂದೇ ತಿಳಿಯದು. ಹುಡುಗ ತಲೆಯಾಡಿಸಿದ. ಪರೀಕ್ಷಕರು ಹತ್ತಕ್ಕೆ ಹತ್ತು ಕೊಟ್ಟ ಹಾಗಿತ್ತು.

ಹಾಗಾದರೆ ಒಳಗೆ ಎಷ್ಟು ಜನ ಇರುತ್ತಿದ್ದರು? ಪ್ರವಾಸಿ ಪುಸ್ತಕಗಳಲ್ಲಿ 20 ಸಾವಿರ ಎಂಬ ಅಂಕಿ ಕಾಣುತ್ತದೆ. ಆ ಸಂಖ್ಯೆಯನ್ನು ನಂಬಲು ನನಗೆ ಮನಸ್ಸು ಬರುವುದಿಲ್ಲ. ಆ ಓಣಿಗಳಲ್ಲಿ ಐವತ್ತು ಪ್ರವಾಸಿಗರು ಒಮ್ಮೆಗೇ ಇಳಿದಾಗ ಆಗುವ ನೂಕುನುಗ್ಗಲು ನೋಡಿದವರು ಯಾರೂ ನಂಬಲಾರರು. ಸುತ್ತಲಿನ ಹಳ್ಳಿಗಳ ಜನ ತಮ್ಮ ದನಕುರಿಯೊಂದಿಗೆ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ ಅಡಗಿರುತ್ತಿದ್ದರು ಎಂದರೆ ಒಪ್ಪಬಹುದು.

ಆ ಕೆಲವು ದಿನಗಳೇ ಹೇಗಿದ್ದಿರಬೇಕು! ಗೋಡೆಯಲ್ಲಿ ಮಾರಿಗೊಂದು ದೀಪದ ಗೂಡು ಇದೆ. ಎಣ್ಣೆ ಉಳಿಸಲು ಅವುಗಳಲ್ಲಿ ಎಷ್ಟನ್ನು ಹಚ್ಚುತ್ತಿದ್ದರೋ. ನಾವು ನಿಂತಿದ್ದಾಗ ವಿದ್ಯುತ್ ದೀಪವೊಂದು ಎರಡು ಕ್ಷಣ ಮಿನುಗಿ ಆರಿ ಮತ್ತೆ ಹೊತ್ತಿತು. ಆ ಎರಡು ಕ್ಷಣದಲ್ಲಿ ನನ್ನ ಮೊಣಕೈಯನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಬೆಳಕು ಬಂದಾಗ ಹುಡುಗ ಕೈ ಬಿಟ್ಟು ಬೇರೆ ಕಡೆ ನೋಡಿದ. ಆಮೇಲೆ ಅವನೇ ಹೇಳಿದ: ರಿಮ್‌ವರ್ಲ್ಡಿನಲ್ಲಿ ಜನ ಬಹಳ ದಿನ ಬಿಸಿಲು ಕಾಣದೆ ಬೆಟ್ಟದೊಳಗೇ ಉಳಿದರೆ ಅವರ ಮನಸ್ಸಿನ ಅಂಕ ಇಳಿಯುತ್ತ ಹೋಗುತ್ತದೆ. ಮೊದಲು ‘ಒಳಗೇ ಸಿಕ್ಕಿಬಿದ್ದಿದ್ದೇನೆ’ ಎನ್ನುತ್ತಾರೆ, ಕೊನೆಗೆ ‘ನೆಲದಡಿ ಹೂತುಹೋಗಿದ್ದೇನೆ’ ಎನ್ನುವ ಹಂತ. ಅಲ್ಲಿಗೂ ಗಮನ ಕೊಡದಿದ್ದರೆ ಒಬ್ಬೊಬ್ಬರೇ ಹಿಡಿತ ತಪ್ಪಿ, ಜಗಳ ತೆಗೆಯುತ್ತಾರೆ, ಕೈಗೆ ಸಿಕ್ಕಿದ್ದನ್ನು ಒಡೆಯುತ್ತಾರೆ. ಹೊರಗಿನ ಶತ್ರು ಬಾರದೆಯೂ ಕಾಲೊನಿ ಮುಳುಗುತ್ತದೆ. ಆಟ ಮಾಡಿದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಹಿಡಿಸಿತು.

ದೆರಿನ್‌ಕುಯುವಿನವರ ಉತ್ತರ ಎರಡನೆಯ ಅಂತಸ್ತಿನಲ್ಲೂ ತಳದಲ್ಲೂ ಸಿಗುತ್ತದೆ. ಎರಡನೆಯದರಲ್ಲಿ ಕಮಾನಿನ ಚಾವಣಿಯ ಉದ್ದನೆಯ ಕೋಣೆಯೊಂದಿದೆ. ಅದು ಪಾಠಶಾಲೆ ಎನ್ನುತ್ತಾರೆ, ಪಕ್ಕದ ಚಿಕ್ಕ ಕೋಣೆಗಳು ಓದಿಕೊಳ್ಳಲು. ತಳದ ಅಂತಸ್ತಿನಲ್ಲಿ ಶಿಲುಬೆಯ ಆಕಾರದಲ್ಲಿ ಕೊರೆದ ಚರ್ಚು. ಬಗ್ಗಿ ಬಗ್ಗಿ ಬಂದ ಬೆನ್ನು ಅಲ್ಲಿ ಮೊದಲ ಬಾರಿಗೆ ನೆಟ್ಟಗಾಗುತ್ತದೆ. ಚಾವಣಿ ಎತ್ತರಕ್ಕಿದೆ, ನಾಲ್ಕು ಜನ ಕೈ ಚಾಚಿ ನಿಲ್ಲಬಹುದು. ಹೊಟ್ಟೆಗೆ ಉಗ್ರಾಣ ಸಾಕು, ಬಾಗಿಲಿಗೆ ಚಕ್ರ ಸಾಕು. ಇಷ್ಟು ಕಲ್ಲು ಹೆಚ್ಚಿಗೆ ಕೊರೆದು ಹೊತ್ತು ಹಾಕಿದ್ದು ಮಕ್ಕಳ ಪಾಠಕ್ಕೂ ಹಿರಿಯರ ಪ್ರಾರ್ಥನೆಗೂ.

“ಶತ್ರುವೇ ಅಗೆಯಲು ಶುರು ಮಾಡಿದರೆ?” ಇದು ಹುಡುಗನ ಕೊನೆಯ ಪ್ರಶ್ನೆ. ಆಟದಲ್ಲಿ ಹಾಗೆ ಅಗೆದುಕೊಂಡೇ ಬರುವ ಗುಂಪುಗಳಿವೆ, ‘ಸ್ಯಾಪರ್’ ಎಂದು ಹೆಸರು. ನೀವು ಕಟ್ಟಿದ ಕಿಲ್‌ಬಾಕ್ಸನ್ನು ಕಣ್ಣೆತ್ತಿಯೂ ನೋಡದೆ ಹಿಂದಿನ ಗೋಡೆಯಿಂದ ನುಗ್ಗುತ್ತವೆ. ಅದಕ್ಕಿಂತ ಕೆಟ್ಟದ್ದು ಕೀಟಗಳು. ಬೆಟ್ಟದಡಿ ಆಳಕ್ಕೆ ಕೊರೆದ ಕಡೆ ಕೋಣೆಯ ನಡುವೆಯೇ ನೆಲ ಬಿರಿದು ದೈತ್ಯ ಹುಳುಗಳು ಗೂಡು ಕಟ್ಟುತ್ತವೆ. ಬೆಟ್ಟ ಕೊಡುವ ರಕ್ಷಣೆಗೆ ಆಟ ಹೀಗೆ ಬೆಲೆ ವಸೂಲು ಮಾಡುತ್ತದೆ. ಇಲ್ಲಿ ಹುಳುಗಳ ಕಾಟವಿರಲಿಲ್ಲ. ಅಗೆಯುವುದೇನೋ ಶತ್ರುವಿಗೂ ಸುಲಭ, ಕಲ್ಲು ಅವನಿಗೂ ಮೆತ್ತಗೇ. ಆದರೆ ಎಲ್ಲಿ ಅಗೆಯಬೇಕು? ಈ ಸೀಮೆಯಲ್ಲಿ ಇಂಥ ನೆಲದಡಿಯ ಊರುಗಳು ಹತ್ತಾರಿವೆ. ಕಾಯ್ಮಾಕ್ಲಿಗೂ ದೆರಿನ್‌ಕುಯುವಿಗೂ ನಡುವೆ ಎಂಟು ಒಂಬತ್ತು ಕಿಲೋಮೀಟರ್ ಉದ್ದದ ಸುರಂಗವಿತ್ತು ಎಂಬ ಮಾತೂ ಇದೆ.

ಅರಬ್ ದಾಳಿಗಳು ನಿಂತ ಮೇಲೂ ಕಲ್ಲಿನ ಚಕ್ರಗಳಿಗೆ ಕೆಲಸ ತಪ್ಪಲಿಲ್ಲ. 14ನೇ ಶತಮಾನದ ಕೊನೆಗೆ ತೈಮೂರನ ದಂಡಿನ ಭಯದಲ್ಲೂ ಜನ ಇಳಿದರು. ತೀರಾ ಈಚಿನ ಕಥೆಯನ್ನು ದಾಖಲಿಸಿದವರು ಇಂಗ್ಲೆಂಡಿನ ಭಾಷಾವಿದ್ವಾಂಸ ಆರ್. ಎಂ. ಡಾಕಿನ್ಸ್. ಈ ಸೀಮೆಯವರು ಆಡುವ ಹಳೆಯ ಗ್ರೀಕ್ ಮಾತನ್ನು ಕಲೆಹಾಕಲು 1909ರಿಂದ ಅವರು ಹಳ್ಳಿ ಹಳ್ಳಿ ತಿರುಗಿದರು. ಆ ವರ್ಷ ಟಾರಸ್ ಪರ್ವತಗಳ ಆಚೆಯ ಅದಾನಾದಲ್ಲಿ ಅರ್ಮೇನಿಯನ್ನರ ಹತ್ಯಾಕಾಂಡ ನಡೆಯಿತು. ಸುದ್ದಿ ತಲುಪಿದಾಗ ಆಕ್ಸೊ ಎಂಬ ಹಳ್ಳಿಯ ಬಹುಪಾಲು ಜನ ನೆಲದಡಿಯ ಕೋಣೆಗಳಿಗೆ ಇಳಿದು, ಕೆಲವು ರಾತ್ರಿ ಮೇಲೆ ಮಲಗಲು ಧೈರ್ಯ ಮಾಡಲಿಲ್ಲವೆಂದು ಅವರು 1916ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಆ ಕೋಣೆಗಳಿಗೆ ಹಳ್ಳಿಯವರ ಮಾತಿನಲ್ಲಿದ್ದ ಹೆಸರಿನ ಅರ್ಥವೇ ‘ಆಶ್ರಯ’. ಯೋಚಿಸಿ ನೋಡಿ. ಬೆಂಗಳೂರಿನಲ್ಲಿ ಆಗಲೇ ವಿದ್ಯುತ್ ದೀಪ ಉರಿಯುತ್ತಿದ್ದ ಕಾಲ ಅದು. ಸಾವಿರ ವರ್ಷದ ಹಿಂದಿನ ಅಜ್ಜಂದಿರು ಇಳಿದ ಮೆಟ್ಟಿಲನ್ನೇ ಮೊಮ್ಮಕ್ಕಳೂ ಕತ್ತಲಲ್ಲಿ ತಡವರಿಸಿ ಇಳಿದಿದ್ದರು.

ಕೊನೆಗೆ ಅವರನ್ನು ಹೊರಡಿಸಿದ್ದು ದಂಡಲ್ಲ, ಒಂದು ಕಾಗದ. 1923ರ ಜನವರಿ 30ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಗ್ರೀಸ್ ಮತ್ತು ಟರ್ಕಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಟರ್ಕಿಯಲ್ಲಿರುವ ಆರ್ಥೊಡಾಕ್ಸ್ ಕ್ರೈಸ್ತರು ಗ್ರೀಸಿಗೆ, ಗ್ರೀಸಿನಲ್ಲಿರುವ ಮುಸ್ಲಿಮರು ಟರ್ಕಿಗೆ, ಕೆಲವು ಊರುಗಳನ್ನು ಬಿಟ್ಟು. ಯುದ್ಧದಲ್ಲಿ ಮೊದಲೇ ಓಡಿಹೋಗಿದ್ದವರೂ ಸೇರಿ ಆ ಕಡೆಗೆ ಸುಮಾರು 12 ಲಕ್ಷ ಜನ, ಈ ಕಡೆಗೆ ಮೂರೂವರೆ ಲಕ್ಷಕ್ಕೂ ಹೆಚ್ಚು. ಯಾವ ಭಾಷೆ ಆಡುತ್ತೀರಿ ಎಂದು ಯಾರೂ ಕೇಳಲಿಲ್ಲ, ಧರ್ಮವೊಂದೇ ಲೆಕ್ಕ. ಕಪಡೋಕಿಯದ ಎಷ್ಟೋ ಕ್ರೈಸ್ತರ ಮನೆಮಾತು ಟರ್ಕಿ ಭಾಷೆಯೇ ಆಗಿತ್ತು. ಗ್ರೀಕ್ ಅಕ್ಷರದಲ್ಲಿ ಟರ್ಕಿ ಭಾಷೆ ಬರೆಯುತ್ತಿದ್ದ ಜನ ಅವರು. ಕಂಡು ಕೇಳರಿಯದ ‘ತಾಯ್ನಾಡಿಗೆ’ ಗಂಟುಮೂಟೆ ಕಟ್ಟಿದರು. ಇದೇ ಸೀಮೆಯ ಗೆಲ್ವೆರಿಯವರು ತಮ್ಮ ಸಂತ ಗ್ರೆಗರಿಯ ಅಸ್ಥಿಯನ್ನು ಜೊತೆಗೆ ಒಯ್ದು, ಗ್ರೀಸಿನಲ್ಲಿ ಹೊಸ ಊರು ಕಟ್ಟಿ ಅದಕ್ಕೆ ನೆಯಾ ಕಾರ್ವಾಲಿ, ಅಂದರೆ ಹೊಸ ಕಾರ್ವಾಲಿ ಎಂದು ಹೆಸರಿಟ್ಟರು. ದೆರಿನ್‌ಕುಯುವಿನ ಗ್ರೀಕರೂ ಹೋದರು. ಅವರ ಖಾಲಿ ಮನೆಗಳಿಗೆ ಬೇರೆಯವರು ಬಂದರು.

ಇದನ್ನು ಕೇಳಿ ಹುಡುಗ ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. “ಹೋಗುವಾಗ ಚಕ್ರಗಳನ್ನು ಮುಚ್ಚಿ ಹೋದರಾ, ತೆರೆದಿಟ್ಟು ಹೋದರಾ?” ಎಂದು ಕೇಳಿದ.

“ಒಳಗಿನಿಂದ ಮಾತ್ರ ಮುಚ್ಚೋಕಾಗೋದು ಕಣೋ,” ಅಂದೆ.

ಹೊಸಬರಿಗೆ ನೆಲದಡಿಯ ಊರಿನ ನೆನಪಿರಲಿಲ್ಲ. ಅಲ್ಲಲ್ಲಿ ಒಂದೆರಡು ಕೋಣೆ ತಿಳಿದಿದ್ದವರು ಅದನ್ನು ನೆಲಮಾಳಿಗೆ ಎಂದೇ ಬಳಸಿದರು. 1963ರಲ್ಲಿ ಒಬ್ಬರು ಮನೆ ರಿಪೇರಿ ಮಾಡಿಸುವಾಗ ಗೋಡೆಯೊಂದನ್ನು ಒಡೆದರು. ಹಿಂದೆ ಒಂದು ಕೋಣೆ, ಅದರಾಚೆ ಓಣಿ, ಓಣಿಯ ಕೊನೆಗೆ ಇನ್ನೊಂದು. 1969ರಲ್ಲಿ ಸಾರ್ವಜನಿಕರಿಗೆ ತೆರೆದರು. 1985ರಲ್ಲಿ ಗೋರೆಮೆ ಮತ್ತು ಕಪಡೋಕಿಯದ ಕಲ್ಲಿನ ನೆಲೆಗಳು ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ದೆರಿನ್‌ಕುಯು, ಕಾಯ್ಮಾಕ್ಲಿ ಎರಡೂ ಅದರೊಳಗೆ ಬಂದವು.

ಹೋಗುವವರಿಗೆ ನಾಲ್ಕು ಮಾತು. ಇಸ್ತಾಂಬುಲ್ಲಿನಿಂದ ಕಾಯ್ಸೆರಿ ಅಥವಾ ನೆವ್‌ಶೆಹಿರಿಗೆ ವಿಮಾನವಿದೆ. ನೆವ್‌ಶೆಹಿರಿನಿಂದ ‘ದೊಲ್ಮುಶ್’ ಎಂಬ ಮಿನಿಬಸ್ಸು ಕಾಯ್ಮಾಕ್ಲಿ ಮಾರ್ಗವಾಗಿ ದೆರಿನ್‌ಕುಯುವಿಗೆ ಬರುತ್ತದೆ, ಒಂದೇ ದಿನದಲ್ಲಿ ಎರಡನ್ನೂ ನೋಡಬಹುದು. ಒಂದಕ್ಕೇ ಸಮಯವಿದ್ದರೆ, ಅಜ್ಜ ಅಜ್ಜಿ ಜೊತೆಗಿದ್ದರೆ ಕಾಯ್ಮಾಕ್ಲಿ ಆರಿಸಿಕೊಳ್ಳಿ. ಅಲ್ಲಿ ತೆರೆದಿರುವುದು ನಾಲ್ಕೇ ಅಂತಸ್ತು. ಮೊಣಕಾಲು ಗಟ್ಟಿಯಿದ್ದವರಿಗೆ ದೆರಿನ್‌ಕುಯು. ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟುವವರು, ಆಸ್ತಮಾ ಇರುವವರು ಮೇಲೆಯೇ ಚಹಾ ಕುಡಿಯುತ್ತ ಕೂರುವುದು ಲೇಸು. ಬೆನ್ನಿನ ಚೀಲ ಬೇಡ, ಓಣಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತೆಳು ಸ್ವೆಟರ್ ಇರಲಿ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಟೂರಿಸ್ಟ್ ಬಸ್ಸುಗಳು ಬರುವ ಮೊದಲು ಅರ್ಧ ಗಂಟೆ ಇಡೀ ಊರು ನಿಮ್ಮದೇ. ಮಕ್ಕಳನ್ನು ಮುಂದೆ ಬಿಡಿ. ತಲೆ ಬಗ್ಗಿಸದೆ ಹೋಗಬಲ್ಲವರು ಅವರೊಬ್ಬರೇ.